ಕಣ್ಣೆದುರು ತೇಲುವ ಚಿತ್ರ: ಶಸ್ತ್ರವೈದ್ಯರ ನೋಟದ ಇತಿಹಾಸ



ಹತ್ತನೆಯ ತರಗತಿಯ ಬೆಳಕಿನ ಪಾಠದಲ್ಲಿ ನಾನು ಬಸ್ಸಿನ ಕಿಟಕಿಯ ಉದಾಹರಣೆ ಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ರಾತ್ರಿ ಪ್ರಯಾಣದಲ್ಲಿ ಗಾಜಿನಾಚೆಯ ದೀಪಗಳೂ ಕಾಣುತ್ತವೆ, ಒಳಗೆ ಕುಳಿತವರ ಬಿಂಬವೂ ಆ ದೀಪಗಳ ನಡುವೆ ತೇಲುತ್ತದೆ. ಗಾಜು ಬಹುಪಾಲು ಬೆಳಕನ್ನು ಹಾಯಗೊಟ್ಟು ಅಲ್ಪಭಾಗವನ್ನು ಪ್ರತಿಫಲಿಸುವುದೇ ಇದಕ್ಕೆ ಕಾರಣ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ 'ಭೂತ'ವನ್ನು ತೋರಿಸಿ ಜನರನ್ನು ಬೆಚ್ಚಿಬೀಳಿಸಿದ್ದು ಇದೇ ಉಪಾಯದಿಂದ. ಆ ಭೂತ ಇಂದು ಶಸ್ತ್ರಚಿಕಿತ್ಸಾ ಕೊಠಡಿಯನ್ನು ಹೊಕ್ಕಿದೆ. ಅದು ಅಲ್ಲಿಗೆ ಬಂದ ದಾರಿ ಸಾಕಷ್ಟು ಸುತ್ತುಬಳಸಿನದು.

ಮೊದಲ ತಿರುವು ಯುದ್ಧದ್ದು. ಡಬ್ಲಿನ್ನಿನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್ 1900ರಲ್ಲಿ ಬಂದೂಕಿಗೆ ಹೊಸ ಬಗೆಯ ಗುರಿಸಾಧನವೊಂದನ್ನು ರೂಪಿಸಿದರು. ಗುರಿಯ ಗುರುತನ್ನು ಮಸೂರದ ನೆರವಿನಿಂದ ಅನಂತ ದೂರದಲ್ಲಿರುವಂತೆ ಮಾಡಿ, ಗಾಜಿನ ಫಲಕದ ಮೇಲೆ ಬೀಳಿಸುವುದು ಅವರ ಯುಕ್ತಿ. ದೂರದ ಗುರಿಯನ್ನು ನೋಡುತ್ತಿರುವ ಕಣ್ಣು ಗುರುತಿಗಾಗಿ ಮತ್ತೆ ಹೊಂದಿಕೊಳ್ಳಬೇಕಾಗಿಲ್ಲ. ಈ ತತ್ತ್ವವೇ ಬೆಳೆದು ವಿಮಾನದ 'ಹೆಡ್ ಅಪ್ ಡಿಸ್‌ಪ್ಲೇ' ಆಯಿತು. 1958ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಬಕನೀರ್ ಯುದ್ಧವಿಮಾನದಲ್ಲಿ ಅದನ್ನು ಅಳವಡಿಸಲಾಗಿತ್ತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ, ಮುಂದೆ 'ತೇಜಸ್' ಎಂಬ ಹೆಸರು ಪಡೆದ ನಮ್ಮ ವಿಮಾನಕ್ಕೂ ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ ಇಂಥದೊಂದು ಫಲಕವನ್ನು ಸಿದ್ಧಪಡಿಸಿತು. ಪೈಲಟ್ ತಲೆ ತಗ್ಗಿಸದೆ ವೇಗ, ಎತ್ತರಗಳನ್ನು ತಿಳಿಯಬೇಕೆಂಬುದೇ ಇದರ ಉದ್ದೇಶ.

ಶಸ್ತ್ರವೈದ್ಯರ ಕಷ್ಟವೂ ಇದಕ್ಕೆ ಸಮೀಪದ್ದೇ. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ದೇಹದ ಒಳಗು ಕಾಣತೊಡಗಿತು, ನಿಜ. ಆದರೆ ಆ ಒಳಗು ಕಂಡದ್ದು ಗೋಡೆಯ ಮೇಲಿನ ಫಿಲ್ಮಿನಲ್ಲಿ. ರೋಗಿ ಮಲಗಿರುವುದು ಮೇಜಿನ ಮೇಲೆ. ಅಲ್ಲಿಯದನ್ನು ಇಲ್ಲಿಗೆ ಹೊಂದಿಸುವ ಕೆಲಸ ಸಂಪೂರ್ಣವಾಗಿ ವೈದ್ಯರ ಮನಸ್ಸಿಗೆ ಬಿಟ್ಟದ್ದು. ಮೆದುಳಿನಂಥ ಅಂಗದಲ್ಲಿ ಆ ಹೊಂದಿಕೆ ಕೆಲವೇ ಮಿಲಿಮೀಟರ್ ತಪ್ಪಿದರೂ ರೋಗಿಯ ಮಾತೋ ಕೈಕಾಲಿನ ಚಲನೆಯೋ ಹೋಗಬಹುದು.

ಈ ದೂರವನ್ನು ಅಳಿಸುವ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಸೊಗಸೆನಿಸುವುದು ಅಮೆರಿಕದ ಡಾರ್ಟ್‌ಮತ್‌ನಲ್ಲಿ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ವಿಧಾನ. ಆವರೆಗೆ ಮೆದುಳಿನ ಒಳಗಿನ ಬಿಂದುವೊಂದನ್ನು ನಿಖರವಾಗಿ ತಲುಪಬೇಕಾದರೆ ರೋಗಿಯ ತಲೆಬುರುಡೆಗೆ ಲೋಹದ ಚೌಕಟ್ಟನ್ನು ತಿರುಪಿನಿಂದ ಬಿಗಿಯಬೇಕಿತ್ತು. ಇವರು ಚೌಕಟ್ಟನ್ನು ಕೈಬಿಟ್ಟರು. ಶ್ರವಣಾತೀತ ಧ್ವನಿ ತಲುಪಲು ಹಿಡಿಯುವ ಕಾಲವನ್ನಳೆದು, ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಎಲ್ಲಿ, ಯಾವ ಕೋನದಲ್ಲಿದೆ ಎಂಬುದನ್ನು ಗಣಕಯಂತ್ರ ಲೆಕ್ಕ ಹಾಕುತ್ತಿತ್ತು. ಅದಕ್ಕೆ ತಕ್ಕಂತೆ ಸಿ.ಟಿ. ಚಿತ್ರದಲ್ಲಿನ ಗಡ್ಡೆಯ ಅಂಚನ್ನು ಸೂಕ್ಷ್ಮದರ್ಶಕದ ನೋಟದೊಳಗೇ ಬೀಳಿಸುತ್ತಿತ್ತು. ವೈದ್ಯರು ಮೆದುಳನ್ನೇ ನೋಡುತ್ತಿರುವಾಗ, ಇನ್ನೂ ಕಾಣದ ಗಡ್ಡೆಯ ರೇಖೆ ಅದರ ಮೇಲೆ ಮೂಡುತ್ತಿತ್ತು. ಗಣಕಯಂತ್ರಗಳು ಇನ್ನೂ ಆಮೆಗತಿಯಲ್ಲಿದ್ದ ಕಾಲವದು ಎಂಬುದನ್ನು ಮರೆಯಬೇಡಿ.

ತಲೆಗೆ ಧರಿಸುವ ಪರದೆಯ ಕಥೆ ಬೇರೆ. 1968ರಲ್ಲಿ ಐವಾನ್ ಸದರ್ಲೆಂಡ್ ರೂಪಿಸಿದ ಉಪಕರಣ ಎಷ್ಟು ಭಾರವಿತ್ತೆಂದರೆ ಅದನ್ನು ಚಾವಣಿಯಿಂದ ನೇತುಹಾಕಬೇಕಾಯಿತು. 1992ರಲ್ಲಿ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಫುಕ್ಸ್ ತಂಡದವರು ಅಲ್ಟ್ರಾಸೌಂಡ್ ಚಿತ್ರವನ್ನು ಗರ್ಭಿಣಿಯ ಉದರದೊಳಗೇ ಇರುವಂತೆ ತೋರಿಸಿದರು. 2013ರಲ್ಲಿ ಗೂಗಲ್ ಗ್ಲಾಸ್ ಬಂದಾಗ ಕೆಲವು ಶಸ್ತ್ರವೈದ್ಯರು ಉತ್ಸಾಹದಿಂದ ಧರಿಸಿದರು. ಆದರೆ ಅದು ನೋಟದ ಮೂಲೆಯಲ್ಲೊಂದು ಪುಟ್ಟ ಪರದೆಯೇ ಹೊರತು, ರೋಗಿಯ ಮೇಲೆ ಚಿತ್ರವನ್ನು ಹೊಂದಿಸಿ ಕೂರಿಸುವಂಥದಲ್ಲ. 2023ರಲ್ಲಿ ಅದರ ಮಾರಾಟವೂ ನಿಂತಿತು. 2020ರ ಜೂನ್‌ನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯರು ಮಾಡಿದ್ದು ಹೆಚ್ಚಿನ ಕೆಲಸ: ಪಾರದರ್ಶಕ ಪರದೆಯ ಶಿರಸಾಧನವನ್ನು ತೊಟ್ಟು, ರೋಗಿಯ ಬೆನ್ನಿನ ಮೇಲೆಯೇ ಬೆನ್ನೆಲುಬಿನ ಚಿತ್ರವನ್ನು ಕಾಣುತ್ತ, ತಿರುಪುಗಳನ್ನು ಕೂರಿಸಿದರು.

ಭೌತಶಾಸ್ತ್ರದ ಮೇಷ್ಟರಾಗಿ ನಾನಿಲ್ಲಿ ಒಂದು ತೊಡಕನ್ನು ಹೇಳಲೇಬೇಕು. ಪೈಲಟ್ಟಿನ ರನ್‌ವೇ ದೂರದಲ್ಲಿದೆ. ಗ್ರಬ್‌ರ ಅನಂತ ದೂರದ ಬಿಂಬ ಅವನಿಗೆ ಒಪ್ಪುತ್ತದೆ. ಶಸ್ತ್ರವೈದ್ಯರ ಕೆಲಸವಿರುವುದು ಕೈಯಳತೆಯೊಳಗೆ. ವೈದ್ಯರು ಬಹಳವಾಗಿ ಪ್ರಯೋಗಿಸಿ ನೋಡಿದ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್‌ನಲ್ಲಿ ಬಿಂಬದ ನಾಭಿದೂರ ಸುಮಾರು 2 ಮೀಟರ್‌ಗೆ ನಿಗದಿಯಾಗಿತ್ತು. ಗಾಯ ಅರ್ಧ ಮೀಟರಿನಲ್ಲಿ, ಚಿತ್ರ ಎರಡು ಮೀಟರಿನಲ್ಲಿ! ಕಣ್ಣಿನ ಮಸೂರ ಏಕಕಾಲದಲ್ಲಿ ಎರಡಕ್ಕೂ ಹೊಂದಿಕೊಳ್ಳಲಾರದು. ಸೂಕ್ಷ್ಮದರ್ಶಕದಲ್ಲಿ ಈ ತಾಪತ್ರಯವಿಲ್ಲ. ಚಿತ್ರವನ್ನೂ ಮೆದುಳನ್ನೂ ಒಂದೇ ನಾಭಿತಲಕ್ಕೆ ತರಬಹುದು. ರಾಬರ್ಟ್ಸ್ ಅವರ ಹಾದಿಯನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಕಣ್ಣಿನ ತೊಡಕನ್ನು ಮಸೂರದಿಂದ ನಿವಾರಿಸಬಹುದು. ಗಮನದ ತೊಡಕು ಅಷ್ಟು ಸುಲಭದ್ದಲ್ಲ. 1980ರಲ್ಲಿ ನಾಸಾ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೃತಕ ವಿಮಾನಕೋಶದಲ್ಲಿ ಕುಳಿತ ಅನುಭವಿ ಪೈಲಟ್‌ಗಳು ಹೆಡ್ ಅಪ್ ಡಿಸ್‌ಪ್ಲೇ ನೋಡುತ್ತ ಇಳಿಯುವಾಗ, ರನ್‌ವೇಗೆ ಅಡ್ಡಲಾಗಿದ್ದ ಇನ್ನೊಂದು ವಿಮಾನವನ್ನು ಕೆಲವರು ಕಾಣಲೇ ಇಲ್ಲ. ಅದು ಅವರ ನೇರ ನೋಟದಲ್ಲೇ ಇತ್ತು. 2013ರಲ್ಲಿ ಟೊರಾಂಟೊ ಸಂಶೋಧಕರು ಶವದ ಮೇಲೆ ನಡೆಸಿದ ಪ್ರಯೋಗದಲ್ಲಿಯೂ ಹೀಗೆಯೇ ಆಯಿತು. ಮೇಲೆ ಮೂಡಿದ ರೇಖೆಗಳ ನೆರವು ಪಡೆದ ಶಸ್ತ್ರವೈದ್ಯರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ಎದುರಿಗೇ ಇದ್ದ ಅನಿರೀಕ್ಷಿತ ಅಪಾಯವನ್ನು ಗುರುತಿಸಿದವರು ಅವರಲ್ಲಿ ಕಡಿಮೆ.

ಅದಕ್ಕೆಂದೇ ನನಗೆ ಅರಿವಳಿಕೆ ತಜ್ಞರ ಬಳಕೆ ಹೆಚ್ಚು ಭರವಸೆಯದಾಗಿ ತೋರುತ್ತದೆ. 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಾಡಿ, ರಕ್ತದೊತ್ತಡಗಳ ಅಂಕಿಗಳನ್ನು ತಜ್ಞರ ಕಣ್ಣೆದುರಿನ ಪುಟ್ಟ ಪರದೆಗೆ ತಂದು ನೋಡಿದರು. ಹಾಗೆ ಮಾಡಿದಾಗ ಅವರು ಯಂತ್ರದತ್ತ ನೋಡುವ ಹೊತ್ತು ತಗ್ಗಿ, ರೋಗಿಯತ್ತ ನೋಡುವ ಹೊತ್ತು ಹೆಚ್ಚಿತು.