ಸ್ಟ್ಯಾನ್ಲಿ ಮ್ಯಾಥ್ಯೂಸ್

ಮ್ಯಾಥ್ಯೂಸ್, ಸರ್ ಸ್ಟ್ಯಾನ್ಲಿ: 1915–2000. ಇಂಗ್ಲೆಂಡಿನ ಹೆಸರಾಂತ ಫುಟ್‌ಬಾಲ್ ಆಟಗಾರ. ಮೈದಾನದ ಬಲ ಅಂಚಿನಲ್ಲಿ ಆಡುವ ವಿಂಗರ್. ಚೆಂಡನ್ನು ಕಾಲಿನಿಂದ ಅಗಲಗೊಡದೆ ಎದುರಾಳಿಗಳ ನಡುವೆ ನುಸುಳುತ್ತಿದ್ದ ಈತನನ್ನು ಜನ 'ಡ್ರಿಬ್ಲಿಂಗ್ ಮಾಂತ್ರಿಕ' ಎಂದು ಕರೆದರು. 17ನೆಯ ವಯಸ್ಸಿಗೆ ವೃತ್ತಿ ಆಟಗಾರನಾದ ಈತ ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಕೊನೆಯ ಪಂದ್ಯ ಆಡಿದಾಗ ವಯಸ್ಸು 50 ದಾಟಿತ್ತು.

ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಪಿಂಗಾಣಿ ಕಾರ್ಖಾನೆಗಳಿಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್‌ನ ಹ್ಯಾನ್ಲಿ ಎಂಬಲ್ಲಿ. ತಂದೆ ಜ್ಯಾಕ್ ಮ್ಯಾಥ್ಯೂಸ್ ಕ್ಷೌರಿಕ. ಬಾಕ್ಸಿಂಗ್ ಪಟುವೂ ಹೌದು. ಮುಂಜಾನೆ ಎದ್ದು ಕಸರತ್ತು ಮಾಡುವ ಅಭ್ಯಾಸವನ್ನು ಮಗನಿಗೆ ಹಿಡಿಸಿದವನು ಆತನೇ. ಸ್ಟ್ಯಾನ್ಲಿ 15ರ ಹರೆಯದಲ್ಲಿ ಸ್ಟೋಕ್ ಸಿಟಿ ಕ್ಲಬ್ಬಿನ ಕಚೇರಿ ಕೆಲಸಕ್ಕೆ ಸೇರಿ, 1932ರಲ್ಲಿ ತನ್ನ 17ನೆಯ ಹುಟ್ಟುಹಬ್ಬದಂದು ವೃತ್ತಿ ಆಟಗಾರನಾಗಿ ಸಹಿ ಹಾಕಿದ. ಮರು ಋತುವಿನಲ್ಲೇ ಸ್ಟೋಕ್ ಎರಡನೆಯ ವಿಭಾಗವನ್ನು ಗೆದ್ದು ಮೊದಲ ವಿಭಾಗಕ್ಕೆ ಏರಿತು. 1938ರಲ್ಲಿ ಈತ ಕ್ಲಬ್ ಬಿಡಲು ಬಯಸಿದ ಸುದ್ದಿ ಹಬ್ಬಿದಾಗ ಊರಿನ ಸುಮಾರು 3,000 ಜನ ಸಭೆ ಸೇರಿ ಪ್ರತಿಭಟಿಸಿದರು. ಮ್ಯಾಥ್ಯೂಸ್ ಉಳಿದುಕೊಂಡ.

ಈತನ ಆಟದ ಗುಟ್ಟು ನೋಡಲು ಸರಳ. ಎದುರಿನ ರಕ್ಷಕನ ಹತ್ತಿರಕ್ಕೆ ಚೆಂಡನ್ನು ನಿಧಾನವಾಗಿ ತಂದು, ಮೈಯನ್ನು ಎಡಕ್ಕೆ ವಾಲಿಸುತ್ತಿದ್ದ. ರಕ್ಷಕ ಆ ಕಡೆ ತೂಗಿದೊಡನೆ ಬಲಬದಿಯಿಂದ ಚಿಮ್ಮಿ ಹೋಗಿ, ಗೋಲಿನ ಮುಂದೆ ನಿಂತ ಜೊತೆಗಾರರಿಗೆ ಚೆಂಡನ್ನು ತೇಲಿಬಿಡುತ್ತಿದ್ದ. ಮೊದಲ ಕೆಲವು ಗಜಗಳಲ್ಲಿ ಈತನನ್ನು ಹಿಡಿಯುವುದು ದುಸ್ತರವಾಗಿತ್ತು. ತಾನು ಗೋಲು ಹೊಡೆಯುವುದಕ್ಕಿಂತ ಹೊಡೆಸುವುದರಲ್ಲೇ ಈತನ ಹೆಚ್ಚುಗಾರಿಕೆ ಇತ್ತು.

ಇಂಗ್ಲೆಂಡ್ ಪರ ಮೊದಲ ಪಂದ್ಯ ಆಡಿದ್ದು 1934ರ ಸೆಪ್ಟೆಂಬರ್‌ನಲ್ಲಿ, ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ; ಆ ಪಂದ್ಯದಲ್ಲೇ ಗೋಲು ಗಳಿಸಿದ. 1937ರಲ್ಲಿ ಚೆಕೊಸ್ಲೊವಾಕಿಯದ ವಿರುದ್ಧ 5–4ರಿಂದ ಗೆದ್ದಾಗ ಮೂರು ಗೋಲು ಈತನವು. 1938ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಇಂಗ್ಲೆಂಡ್ ಜರ್ಮನಿಯನ್ನು 6–3ರಿಂದ ಸೋಲಿಸಿತು. ಆಟಕ್ಕೆ ಮುನ್ನ ಇಂಗ್ಲೆಂಡಿನ ಆಟಗಾರರಿಂದ ನಾಜಿ ವಂದನೆ ಮಾಡಿಸಲಾಯಿತು. ಆ ಸಾಲಿನಲ್ಲಿ ಮ್ಯಾಥ್ಯೂಸನೂ ನಿಂತಿದ್ದ. ಎರಡನೆಯ ಮಹಾಯುದ್ಧ ಈತನ ಆಟದ ತಾರುಣ್ಯದ ಆರು ವರ್ಷಗಳನ್ನು ನುಂಗಿತು. ವಾಯುಪಡೆಯ ಸೇವೆಯಲ್ಲಿದ್ದ ಈತ ನೆಲೆಸಿದ್ದು ಸಮುದ್ರತೀರದ ಬ್ಲ್ಯಾಕ್‌ಪೂಲ್‌ನಲ್ಲಿ.

1947ರಲ್ಲಿ ಬ್ಲ್ಯಾಕ್‌ಪೂಲ್ ಕ್ಲಬ್ 11,500 ಪೌಂಡ್ ಕೊಟ್ಟು ಈತನನ್ನು ಪಡೆದಾಗ ವಯಸ್ಸು 32. ಬಹುಪಾಲು ಆಟಗಾರರು ನಿವೃತ್ತಿಯತ್ತ ಮುಖ ಮಾಡುವ ಹೊತ್ತಿಗೆ ಮ್ಯಾಥ್ಯೂಸನ ಪಾಲಿಗೆ ಎರಡನೆಯ ಹರೆಯ ಮೊದಲಾಯಿತು. 1948ರಲ್ಲಿ ಫುಟ್‌ಬಾಲ್ ಬರಹಗಾರರ ಸಂಘದ ಮೊತ್ತಮೊದಲ ವರ್ಷದ ಆಟಗಾರ ಪ್ರಶಸ್ತಿ ಬಂತು. ಆದರೆ ಇಂಗ್ಲೆಂಡಿನ ಕ್ಲಬ್ ಪಂದ್ಯಾವಳಿಯಾದ ಎಫ್.ಎ. ಕಪ್ ಮಾತ್ರ ಕೈಗೆಟುಕಲಿಲ್ಲ. 1948 ಮತ್ತು 1951ರ ಅಂತಿಮ ಪಂದ್ಯಗಳೆರಡನ್ನೂ ಬ್ಲ್ಯಾಕ್‌ಪೂಲ್ ಸೋತಿತು.

1953ರ ಮೇ 2ರಂದು ವೆಂಬ್ಲಿಯಲ್ಲಿ ಬೋಲ್ಟನ್ ವಾಂಡರರ್ಸ್ ಎದುರು ಮೂರನೆಯ ಅವಕಾಶ ಒದಗಿತು. ದ್ವಿತೀಯಾರ್ಧದಲ್ಲಿ ಬ್ಲ್ಯಾಕ್‌ಪೂಲ್ 1–3ರಿಂದ ಹಿಂದಿತ್ತು. ಆಟಗಾರರು ಗಾಯಗೊಂಡರೂ ಬದಲಿ ಆಟಗಾರರಿಗೆ ಅವಕಾಶವಿಲ್ಲದ ಕಾರಣ ಬೋಲ್ಟನ್‌ನ ಎಡಬದಿ ಕುಂಟುತ್ತಿತ್ತು. 38ರ ಮ್ಯಾಥ್ಯೂಸ್ ಆ ಬದಿಯನ್ನೇ ಮತ್ತೆ ಮತ್ತೆ ಸೀಳಿದ. ಜೊತೆಗಾರ ಸ್ಟ್ಯಾನ್ ಮಾರ್ಟೆನ್ಸನ್ ತನ್ನ ಮೂರನೆಯ ಗೋಲಿನಿಂದ ಅಂಕ ಸಮ ಮಾಡಿದ. ಕೊನೆಯ ಗಳಿಗೆಯಲ್ಲಿ ಮ್ಯಾಥ್ಯೂಸ್ ಕೊಟ್ಟ ಚೆಂಡನ್ನು ಬಿಲ್ ಪೆರಿ ಗೋಲಿಗಟ್ಟಿದ. 4–3ರ ಈ ಗೆಲುವಿನಲ್ಲಿ ಮ್ಯಾಥ್ಯೂಸನ ಗೋಲು ಒಂದೂ ಇರಲಿಲ್ಲ. ಆದರೂ ಚರಿತ್ರೆಯಲ್ಲಿ ಅದು 'ಮ್ಯಾಥ್ಯೂಸ್ ಫೈನಲ್' ಎಂದೇ ಉಳಿದಿದೆ.

1956ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಮೀಸಲಾದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಆರಂಭವಾದಾಗ, ಆಲ್ಫ್ರೆಡೊ ಡಿ ಸ್ಟೆಫಾನೊನನ್ನು ಹಿಂದಿಕ್ಕಿ ಅದನ್ನು ಮೊದಲು ಪಡೆದವನು 41ರ ಮ್ಯಾಥ್ಯೂಸ್. 1950 ಮತ್ತು 1954ರ ವಿಶ್ವಕಪ್‌ಗಳಲ್ಲಿ ಆಡಿದ್ದ ಈತ 1957ರಲ್ಲಿ ಡೆನ್ಮಾರ್ಕ್ ವಿರುದ್ಧ ದೇಶದ ಪರ ಕೊನೆಯ ಪಂದ್ಯ ಆಡಿದ. ಒಟ್ಟು 54 ಪಂದ್ಯಗಳಲ್ಲಿ 11 ಗೋಲುಗಳು ಈತನ ಹೆಸರಿನಲ್ಲಿವೆ.

1961ರಲ್ಲಿ ಎರಡನೆಯ ವಿಭಾಗಕ್ಕೆ ಇಳಿದಿದ್ದ ತವರಿನ ಸ್ಟೋಕ್ ಸಿಟಿ ಈತನನ್ನು ಮರಳಿ ಕರೆಸಿಕೊಂಡಿತು. ಹಿಂದಿನ ಪಂದ್ಯಕ್ಕೆ ಸುಮಾರು 8,000 ಪ್ರೇಕ್ಷಕರಿದ್ದ ಮೈದಾನಕ್ಕೆ ಈತ ಕಾಲಿಟ್ಟ ದಿನ ಸುಮಾರು 36,000 ಜನ ಬಂದರು. 1963ರಲ್ಲಿ ಕ್ಲಬ್ ಮೊದಲ ವಿಭಾಗಕ್ಕೆ ಏರಿತು. ವರ್ಷದ ಆಟಗಾರ ಪ್ರಶಸ್ತಿಯೂ ಮತ್ತೊಮ್ಮೆ ಬಂತು. ಮದ್ಯ ಮುಟ್ಟದ, ಸೋಮವಾರ ಉಪವಾಸವಿರುತ್ತಿದ್ದ, ದಿನವೂ ಬೆಳಗ್ಗೆ ತಪ್ಪದೆ ವ್ಯಾಯಾಮ ಮಾಡುತ್ತಿದ್ದ ಶಿಸ್ತೇ ಈ ದೀರ್ಘ ಆಟಜೀವನದ ಹಿಂದಿತ್ತು. 1965ರಲ್ಲಿ ಸರ್ ಪದವಿ ಬಂದಾಗ ಈತ ಇನ್ನೂ ಆಡುತ್ತಿದ್ದ. ಆ ಗೌರವ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಈತ. ಅದೇ ವರ್ಷ ಫೆಬ್ರವರಿ 6ರಂದು, 50 ತುಂಬಿದ ಐದನೆಯ ದಿನ, ಫುಲ್‌ಹ್ಯಾಮ್ ವಿರುದ್ಧ ಕೊನೆಯ ಲೀಗ್ ಪಂದ್ಯ ಆಡಿದ. ಏಪ್ರಿಲ್‌ನ ಬೀಳ್ಕೊಡುಗೆ ಪಂದ್ಯದ ಬಳಿಕ ಹೆಸರಾಂತ ಆಟಗಾರರಾದ ಪುಸ್ಕಾಸ್ ಮತ್ತು ಲೆವ್ ಯಾಶಿನ್ ಈತನನ್ನು ಹೆಗಲ ಮೇಲೆ ಹೊತ್ತು ನಡೆದರು.

ನಂತರದ ಹಾದಿ ಅಷ್ಟು ಸುಗಮವಾಗಿರಲಿಲ್ಲ. ಈತ ನಡೆಸುತ್ತಿದ್ದ ಪೋರ್ಟ್ ವೇಲ್ ಕ್ಲಬ್ ಹಣಪಾವತಿಯ ನಿಯಮ ಮುರಿದದ್ದಕ್ಕಾಗಿ 1968ರಲ್ಲಿ ಲೀಗ್‌ನಿಂದ ಹೊರಬಿದ್ದು, ಮರುಮತದಿಂದ ಮತ್ತೆ ಒಳಬಂತು. ಬಳಿಕ ಮಾಲ್ಟಾದಲ್ಲಿ ನೆಲೆಸಿದ. ಆಫ್ರಿಕದ ಹಲವೆಡೆ ತರಬೇತಿ ನೀಡಿದ. 1975ರಲ್ಲಿ, ವರ್ಣಭೇದ ನೀತಿ ಬಿಗಿಯಾಗಿದ್ದ ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ ಕರಿಯ ಶಾಲಾಬಾಲಕರ ತಂಡ ಕಟ್ಟಿ ಬ್ರೆಜಿಲ್‌ಗೆ ಕರೆದೊಯ್ದ.

ಮೂರು ದಶಕ ಮೀರಿದ ವೃತ್ತಿಜೀವನದಲ್ಲಿ ಈತನಿಗೆ ಒಮ್ಮೆಯೂ ರೆಫರಿಯಿಂದ ಶಿಸ್ತಿನ ಎಚ್ಚರಿಕೆ ದಾಖಲಾಗಲಿಲ್ಲ. ಒಮ್ಮೆಯೂ ಈತನನ್ನು ಮೈದಾನದಿಂದ ಹೊರಹಾಕಲಿಲ್ಲ. 2000ದ ಫೆಬ್ರವರಿ 23ರಂದು ಈತ ನಿಧನನಾದ. ಚಿತಾಭಸ್ಮವನ್ನು ಸ್ಟೋಕ್ ಸಿಟಿಯ ಮೈದಾನದ ನಡುವೃತ್ತದ ಕೆಳಗೆ ಹೂಳಲಾಗಿದೆ.