ಹಿಂಡಿ ಯಾರ ಪಾಲು?

ಸೀವುಡ್ಸ್ ಸ್ಟೇಷನ್ನಿಗೆ ಅಂಟಿಕೊಂಡಿರುವ ಮಾಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಆಲಿವ್ ಎಣ್ಣೆಯ ಸಾಲು ನೋಡಿದ್ದೀರಾ? ಅಲ್ಲಿರುವ ಅಗ್ಗದ ಬಾಟಲಿಗಳ ಮೇಲೆ ಹೆಚ್ಚಾಗಿ 'ಪೋಮೇಸ್' ಎಂಬ ಪದ ಇರುತ್ತದೆ. ಪೋಮೇಸ್ ಎಂದರೆ ನಮ್ಮ ಭಾಷೆಯಲ್ಲಿ ಹಿಂಡಿ. ಆಲಿವ್ ಕಾಯಿಯನ್ನು ಅರೆದು ಎಣ್ಣೆ ತೆಗೆದ ಮೇಲೆ ಉಳಿಯುವ ಸಿಪ್ಪೆ, ತಿರುಳು, ಓಟೆ ಎಲ್ಲ ಸೇರಿದ ಮುದ್ದೆ ಅದು. ಅದರಲ್ಲಿ ಇನ್ನೂ ಸ್ವಲ್ಪ ಜಿಡ್ಡು ಉಳಿದಿರುತ್ತದೆ. ಹೆಕ್ಸೇನ್ ಎಂಬ ದ್ರಾವಕ ಬಳಸಿ ಆ ಜಿಡ್ಡನ್ನು ಎಳೆದು, ಶುದ್ಧೀಕರಿಸಿ, ಒಂದಿಷ್ಟು ಒಳ್ಳೆಯ ಆಲಿವ್ ಎಣ್ಣೆ ಬೆರೆಸಿ ನಮಗೆ ಮಾರುತ್ತಾರೆ. ಮುಂದಿನ ಸಾಲಿನಲ್ಲೇ ಸೋಯಾ ಚಂಕ್ಸ್ ಪೊಟ್ಟಣಗಳಿವೆ. ಪಿ.ಜಿ.ಯಲ್ಲಿ ಇದ್ದವರಿಗೆಲ್ಲ ಅದು ಗೊತ್ತು. ಊರ ಕಡೆ ಅದನ್ನು 'ಮೀಲ್ ಮೇಕರ್' ಎನ್ನುವವರೂ ಇದ್ದಾರೆ. ಅದು ಸೋಯಾ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯ ಹಿಟ್ಟು.

ಎಣ್ಣೆ ತೆಗೆದ ಮೇಲೆ ಉಳಿದದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಹಳ ಹಳೆಯದು. ರೋಮಿನ ಕೇಟೊ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಬರೆದ ಬೇಸಾಯದ ಪುಸ್ತಕದಲ್ಲಿ ಆಲಿವ್ ಗಾಣದಿಂದ ಹರಿದು ಬರುವ ಕಪ್ಪು ನೀರಿಗೆ ಹತ್ತಾರು ಉಪಯೋಗಗಳನ್ನು ಹೇಳಿದ್ದಾನೆ. ಕಣಕ್ಕೆ ಸಾರಿಸಲು, ಕಣಜದ ಗೋಡೆಗೆ ಬಳಿಯಲು, ಬಟ್ಟೆಯ ಪೆಟ್ಟಿಗೆಗೆ ಹುಳು ಬರದಂತೆ ಹಚ್ಚಲು ಅದು ಬಳಕೆಯಾಗುತ್ತಿತ್ತು. ನಾವು ಸಗಣಿಯಿಂದ ಕಣ ಸಾರಿಸುವಂತೆ ಅವರು ಎಣ್ಣೆಗಾಣದ ಕೊಳೆನೀರಿನಿಂದ ಸಾರಿಸುತ್ತಿದ್ದರು. ಇಂದಿಗೂ ಸ್ಪೇನ್, ಇಟಲಿಗಳಲ್ಲಿ ಆಲಿವ್ ಓಟೆ ಒಲೆಗೆ, ಬಾಯ್ಲರಿಗೆ ಉರುವಲು.

ಈ ಓದು ನನ್ನನ್ನು ನಮ್ಮ ಕಡೆಯ ಗಾಣಕ್ಕೆ ಕರೆದೊಯ್ದಿತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ತೆಲ್ಲಿಗರು ಐವತ್ತೊಕ್ಕಲು' ಎಂಬ ಎಣ್ಣೆಗಾರರ ಸಂಘ ಬರುತ್ತದೆ. ದೇವಸ್ಥಾನದ ನಂದಾದೀಪಕ್ಕೆ ಗಾಣದಿಂದ ಇಂತಿಷ್ಟು ಎಣ್ಣೆ ಎಂದು ದತ್ತಿ ಬಿಡುತ್ತಿದ್ದರು. ಹನ್ನೆರಡನೇ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಎಂಬ ಹೆಸರೂ ಇದೆ. ಶಾಸನ ಬರೆಸಿದವರಿಗೆ ಬೇಕಾದದ್ದು ದೀಪದ ಎಣ್ಣೆ. ಆದರೆ ಗಾಣಿಗನ ಮನೆ ನಡೆಯುವುದರಲ್ಲಿ ಹಿಂಡಿಯ ಪಾಲೂ ದೊಡ್ಡದಿತ್ತು. ರೈತ ತನ್ನ ಕಾಳು ತಂದು ಕೊಟ್ಟು ಎಣ್ಣೆ ಒಯ್ಯುತ್ತಿದ್ದ. ಹಲವು ಕಡೆ ಹಿಂಡಿ ಗಾಣಿಗನಿಗೇ ಉಳಿಯುತ್ತಿತ್ತು, ಅದೇ ಅವನ ಕೂಲಿ. ಗಾಣ ಸುತ್ತುವ ಎತ್ತಿಗೂ ಅದೇ ಮೇವು.

ಗದಗ ಕಡೆಯ ನಮ್ಮ ಊರಲ್ಲಿ ಅಜ್ಜಿ ಸಂಜೆಯಾದರೆ ಸಾಕು, "ತಮ್ಮಾ, ಎಮ್ಮಿಗೆ ಹಿಂಡಿ ನೆನಸೀ ಏನು?" ಎಂದು ಕೇಳುತ್ತಿದ್ದಳು. ಬೆಳಗ್ಗೆ ರೊಟ್ಟಿಯ ಜೊತೆ ತಾಟಿಗೆ ಹಾಕುತ್ತಿದ್ದುದೂ ಹಿಂಡಿಯೇ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಇದು ಎಣ್ಣೆ ತೆಗೆಯದೆ ಕುಟ್ಟಿದ ಪುಡಿ, ಅದು ಎಣ್ಣೆ ಹೋದ ಮೇಲಿನ ಬಿಲ್ಲೆ. ಆದರೂ ಎಮ್ಮೆಯ ಬಾನಿಗೂ ಮನುಷ್ಯನ ತಾಟಿಗೂ ಒಂದೇ ಪದ ಸಾಕಾಗಿತ್ತು. ಮರಾಠಿಯವರು ದನಕ್ಕೆ ಹಾಕುವುದಕ್ಕೆ 'ಪೇಂಡ' ಎಂದೂ ತಾವು ತಿನ್ನುವುದಕ್ಕೆ 'ಚಟ್ನಿ' ಎಂದೂ ಬೇರೆ ಮಾಡಿಕೊಂಡಿದ್ದಾರೆ. ದನ ತಿನ್ನಲಾಗದ ಹಿಂಡಿಗೂ ಜಾಗವಿತ್ತು. ಹೊಂಗೆ, ಬೇವು, ಹರಳು ಇವುಗಳ ಹಿಂಡಿ ಹೊಲಕ್ಕೆ ಹೋಗುತ್ತಿತ್ತು. ಹರಳಿನ ಹಿಂಡಿಯಲ್ಲಿ ರಿಸಿನ್ ಎಂಬ ವಿಷವಿರುವುದರಿಂದ ಅದು ಗೊಬ್ಬರಕ್ಕೆ ಮಾತ್ರ. ಹೀಗೆ ಹಳೆಯ ವ್ಯವಸ್ಥೆಯಲ್ಲಿ ಕಸ ಎಂದು ಎಸೆಯುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಗಾಣಿಗ, ದನ, ಹೊಲ ಮೂವರಿಗೂ ಪಾಲಿತ್ತು.

ಈ ಪಾಲು ಮೊದಲು ತಪ್ಪಿದ್ದು ಹಡಗಿನಿಂದ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಸೋಪು ಕಾರ್ಖಾನೆಗಳಿಗೆ ಎಣ್ಣೆ ಬೇಕಾಯಿತು. ನಮ್ಮ ಎಳ್ಳು, ಅಗಸೆ, ಶೇಂಗಾ ಮುಂಬೈಯಿಂದಲೂ ಪೂರ್ವ ಕರಾವಳಿಯಿಂದಲೂ ಹೊರಟು ಫ್ರಾನ್ಸಿನ ಮಾರ್ಸೇಲ್ಸ್ ಮುಂತಾದ ಬಂದರುಗಳನ್ನು ಸೇರಿದವು. ಹೋದದ್ದು ಎಣ್ಣೆಯಲ್ಲ, ಇಡೀ ಕಾಳು. ಅಲ್ಲಿ ಎಣ್ಣೆ ಸೋಪಾಯಿತು, ಹಿಂಡಿ ಅಲ್ಲಿಯ ಹಸುಗಳಿಗೂ ಹೊಲಗಳಿಗೂ ಹೋಯಿತು.

ಇದರ ಅಪಾಯವನ್ನು ಸ್ಪಷ್ಟವಾಗಿ ಬರೆದವನು ಒಬ್ಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ, ಜಾನ್ ಆಗಸ್ಟಸ್ ವೋಲ್ಕರ್. 1889ರ ಕೊನೆಯಲ್ಲಿ ಸರ್ಕಾರ ಅವನನ್ನು ಭಾರತದ ಬೇಸಾಯ ನೋಡಲು ಕಳಿಸಿತು. ಅವನ ವರದಿ ಪ್ರಕಟವಾದದ್ದು 1893ರಲ್ಲಿ. ನಮ್ಮ ರೈತನಿಗೆ ಬುದ್ಧಿ ಹೇಳಲು ಬಂದವನು ಅವನ ಜಾಣ್ಮೆಯನ್ನು ಮೆಚ್ಚಿ ಬರೆದ ಅಪರೂಪದ ಸರ್ಕಾರಿ ಪುಸ್ತಕ ಅದು. ಎಣ್ಣೆಕಾಳು ಹೊರಗೆ ಹೋದರೆ ಅದರ ಜೊತೆಗೆ ಮಣ್ಣಿನ ಸಾರವೂ ಹೋಗುತ್ತದೆ ಎಂಬುದು ಅವನ ವಾದ. ಲೆಕ್ಕ ಸರಳ. ಎಣ್ಣೆಯಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ. ಗಿಡ ಅದನ್ನು ಗಾಳಿ ಮತ್ತು ನೀರಿನಿಂದ ಪಡೆಯುತ್ತದೆ. ಸಾರಜನಕ, ರಂಜಕ, ಪೊಟ್ಯಾಶ್ ಇವೆಲ್ಲ ನಿಲ್ಲುವುದು ಹಿಂಡಿಯಲ್ಲಿ. ಎಣ್ಣೆ ಮಾರಿದರೆ ಹೊಲಕ್ಕೆ ನಷ್ಟವಿಲ್ಲ. ಹಿಂಡಿ ಮಾರಿದರೆ ಹೊಲವನ್ನೇ ಚೂರು ಚೂರಾಗಿ ಮಾರಿದಂತೆ.

ನಲವತ್ತು ವರ್ಷಗಳ ನಂತರ ಅದೇ ಚಿಂತೆ ಇನ್ನೊಂದು ರೂಪದಲ್ಲಿ ಬಂತು. 1934ರಲ್ಲಿ ಗಾಂಧೀಜಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದರು. ಅದರ ವರ್ಧಾದ ಕೇಂದ್ರದಲ್ಲಿ ಝವೇರಭಾಯಿ ಪಟೇಲ್ ಹಳೆಯ ಗಾಣವನ್ನು ತಿದ್ದಿ 'ವರ್ಧಾ ಗಾಣ' ರೂಪಿಸಿದರು. ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯುತ್ತದೆ ಎಂಬುದು ಗಿರಣಿಯವರಿಗೆ ದೋಷವಾಗಿ ಕಂಡರೆ, ಗಾಣದ ಪರ ಇದ್ದವರಿಗೆ ಅದು ದನದ ಪಾಲಾಗಿ ಕಂಡಿತು. ಎಕ್ಸ್‌ಪೆಲ್ಲರ್ ಬಂದ ಮೇಲೆ ಹಿಂಡಿಯಲ್ಲಿ ಉಳಿಯುವ ಎಣ್ಣೆ ನೂರಕ್ಕೆ ಆರೆಂಟು ಭಾಗಕ್ಕೆ ಇಳಿಯಿತು, ದ್ರಾವಕ ಬಂದ ಮೇಲೆ ಒಂದು ಭಾಗದ ಆಸುಪಾಸಿಗೆ. ಇಲ್ಲಿ ನವಿ ಮುಂಬೈಯಲ್ಲಿ ಈಗ ಮರದ ಗಾಣದ ಎಣ್ಣೆಯ ಅಂಗಡಿಗಳು ಮತ್ತೆ ಕಾಣಿಸುತ್ತಿವೆ. ಅಂಥ ಒಂದು ಕಡೆ ಪೇಂಡ ಯಾರು ಒಯ್ಯುತ್ತಾರೆ ಎಂದು ಕೇಳಿದೆ. "ತಬೇಲಾದವರು ಬರ್ತಾರೆ, ಉಳಿಯುವುದೇ ಇಲ್ಲ" ಎಂದ. ಎಣ್ಣೆಯ ಗಿರಾಕಿಗಳಿಗಿಂತ ಪೇಂಡದ ಗಿರಾಕಿಗಳು ನಿಯತ್ತಿನವರು ಎಂದೂ ಸೇರಿಸಿದ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಶೇಂಗಾ ಹಿಂಡಿ ಹೇರಳವಾಗಿತ್ತು, ಹೊಟ್ಟೆ ತುಂಬದ ಮಕ್ಕಳೂ ಹೇರಳವಾಗಿದ್ದರು. ಈ ಎರಡನ್ನೂ ಕೂಡಿಸಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಮೈಸೂರು. 1950ರ ಅಕ್ಟೋಬರ್ 21ರಂದು ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು, ನಾವು ಸಿಎಫ್‌ಟಿಆರ್‌ಐ ಎನ್ನುವುದು ಇದನ್ನೇ. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದವರು. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ಅದನ್ನು ಯಾವ ಬೇಳೆಯೂ ಮುಟ್ಟಲಾರದು. ಸಿಪ್ಪೆ, ಮೊಳಕೆಕಣ್ಣು ತೆಗೆದು ಶುಚಿಯಾಗಿ ಹಿಂಡಿದರೆ ಉಳಿಯುವ ಹಿಟ್ಟು ಮನುಷ್ಯರೂ ತಿನ್ನುವಂಥದ್ದು. ಆ ಹಿಟ್ಟು ನಾಲ್ಕರಲ್ಲಿ ಮೂರು ಭಾಗ, ಕಡಲೆ ಹಿಟ್ಟು ಒಂದು ಭಾಗ, ಮೇಲೆ ವಿಟಮಿನ್ ಮತ್ತು ಸುಣ್ಣದಂಶ ಬೆರೆಸಿ ಅವರು 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಮಾಡಿದರು. ಅಮೆರಿಕದಲ್ಲಿ ಸೋಯಾ ಹಿಂಡಿಯಿಂದ ಇಂಥದೇ ಹಿಟ್ಟು 1946ರ ಹೊತ್ತಿಗೇ ಬಂದಿತ್ತು. ಮೈಸೂರಿನವರು ಅದಕ್ಕೆ ನಮ್ಮ ಕಾಳು, ನಮ್ಮ ರುಚಿ ಕೂಡಿಸಿದರು. ಮುಂದೆ ಇದೇ ಸಂಸ್ಥೆ ಶೇಂಗಾದಿಂದ ಪ್ರೋಟೀನನ್ನೇ ಬೇರೆ ಮಾಡಿ ಎಮ್ಮೆ ಹಾಲಿಗೆ ಬೆರೆಸುವ 'ಮಿಲ್ಟೋನ್' ರೂಪಿಸಿತು. 1970ರ ದಶಕದಲ್ಲಿ ಬೆಂಗಳೂರಿನ ಡೈರಿಯಲ್ಲಿ ಅದು ತಯಾರಾಯಿತು.

ನಡುವೆ ಒಂದು ಕೆಟ್ಟ ಸುದ್ದಿ ಬಂತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್ಲಿನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು, ಅದು ಬಿಡುವ ವಿಷ. ಬೂಷ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಯಕೃತ್ತಿನ ಕ್ಯಾನ್ಸರಿಗೂ ಅದು ಕಾರಣ ಎಂದು ತಿಳಿಯಿತು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಎಣ್ಣೆಯನ್ನು ಶುದ್ಧೀಕರಿಸಿದರೆ ಎಣ್ಣೆಯಿಂದ ಹೊರಟುಹೋಗುತ್ತದೆ, ಹಿಂಡಿಯಲ್ಲಿ ಮಾತ್ರ ಉಳಿಯುತ್ತದೆ. ಮಕ್ಕಳ ಆಹಾರದ ಶೇಂಗಾ ಹಿಟ್ಟಿನಲ್ಲಿ ಕಿಲೋಗೆ 30 ಮೈಕ್ರೋಗ್ರಾಮ್ ಮೀರಬಾರದು ಎಂದು ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ಮಂಡಳಿ 1966ರಲ್ಲಿ ಮಿತಿ ಹಾಕಿತು. ಹೊಲದಲ್ಲೇ ಒಣಗಿಸುವುದು, ಮಳೆಗೆ ಸಿಗದಂತೆ ಇಡುವುದು, ಬಣ್ಣಗೆಟ್ಟ ಬೀಜ ಆರಿಸಿ ತೆಗೆಯುವುದು ಇವೇ ಉಪಾಯ. ಬೀಜ ಆರಿಸುವ ಕೈಗಳಿಗೆ ಕೂಲಿ ಕೊಡಬೇಕು. ಹಿಂಡಿ ಅಗ್ಗ ಎಂಬ ಲೆಕ್ಕ ಅಲ್ಲೇ ಏರುಪೇರಾಯಿತು.

ಇನ್ನೊಂದು ಪೆಟ್ಟು ಬಂದದ್ದು ವಿಜ್ಞಾನದೊಳಗಿನಿಂದಲೇ. ಬಡ ಮಕ್ಕಳಿಗೆ ಕೊರತೆ ಇರುವುದು ಪ್ರೋಟೀನಿನದು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಬೇರೆ ಮಾತು ಹೇಳಿದರು. ಮಕ್ಕಳಿಗೆ ಮೊದಲು ಕಡಿಮೆ ಬೀಳುತ್ತಿರುವುದು ಊಟವೇ. ಹೊಟ್ಟೆ ತುಂಬ ಅನ್ನ, ರೊಟ್ಟಿ, ಬೇಳೆ ಸಿಕ್ಕರೆ ಪ್ರೋಟೀನಿನ ಕೊರತೆಯೂ ಬಹುಪಾಲು ತೀರುತ್ತದೆ ಎಂದರು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಡೀ ಪ್ರೋಟೀನ್ ಚಳವಳಿಯನ್ನೇ ದೊಡ್ಡ ವೈಫಲ್ಯ ಎಂದು ಕರೆದ. ಹಸಿದವನಿಗೆ ಹಿಂಡಿಯ ಹಿಟ್ಟನ್ನು ಹೊಂದಿಸಿ ಕೊಡುವ ಮೊದಲು, ಅವನಿಗೆ ಊಟ ಕೊಳ್ಳುವಷ್ಟು ಕೂಲಿ ಏಕಿಲ್ಲ ಎಂಬ ಪ್ರಶ್ನೆ ಎದುರಾಯಿತು.

ಹಾಗೆಂದು ಮೈಸೂರಿನ ಕೆಲಸ ವ್ಯರ್ಥ ಎನ್ನಲು ನನಗೆ ಮನಸ್ಸಿಲ್ಲ. ಹಿಂಡಿಯನ್ನು ಶುಚಿಯಾಗಿ ತಯಾರಿಸುವುದು ಹೇಗೆ ಎಂದು ಅವರು ತೋರಿಸಿಕೊಟ್ಟರು. ಆದರೆ 'ಬಡವರ ಆಹಾರ' ಎಂಬ ಚೀಟಿ ಅಂಟಿಸಿದ್ದನ್ನು ಬಡವರೂ ಸಂತೋಷದಿಂದ ತಿನ್ನುವುದಿಲ್ಲ. ಸೋಯಾ ಹಿಂಡಿ ಮನೆ ಮನೆಯ ಪುಲಾವಿಗೆ ಬಂದದ್ದು ದಾನವಾಗಿ ಅಲ್ಲ. ನಾವು ನಮ್ಮ ದುಡ್ಡು ಕೊಟ್ಟು, ಮಸಾಲೆ ಹಾಕಿ, ರುಚಿ ಕಂಡು ತಿಂದದ್ದರಿಂದ.

ಇನ್ನು ಗಿರಣಿಗಳ ಕಥೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ 'ಎಣ್ಣೆ ನಗರ' ಎಂಬ ಹೆಸರಿದೆ. ಅಷ್ಟು ಶೇಂಗಾ ಗಿರಣಿಗಳಿದ್ದದ್ದರಿಂದ 'ಎರಡನೇ ಬಾಂಬೆ' ಎಂದೂ ಕರೆಯುತ್ತಿದ್ದರು. 1994ರಿಂದ ತಾಳೆ ಎಣ್ಣೆಯ ಆಮದು ಸಡಿಲವಾಯಿತು, ಇತರ ಎಣ್ಣೆಗಳೂ ಹಿಂದೆಯೇ ಬಂದವು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಊರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ವೋಲ್ಕರ್ ಕಾಲದಲ್ಲಿ ಕಾಳಿನ ಜೊತೆ ಹಿಂಡಿಯೂ ಹೊರಗೆ ಹೋಗುತ್ತಿತ್ತು. ಈಗ ಎಣ್ಣೆ ಮಾತ್ರ ಒಳಗೆ ಬರುತ್ತದೆ, ಅದರ ಹಿಂಡಿ ಬರುವುದಿಲ್ಲ. ದಿಕ್ಕು ತಿರುಗುಮುರುಗಾದರೂ ಎರಡು ಸಲವೂ ಕೈತಪ್ಪಿದ್ದು ದನದ ಪಾಲೇ. ಹಿಂಡಿಗೆ ಏಕೆ ಇಷ್ಟು ಬೆಲೆ ಎಂದು ಊರಲ್ಲಿ ಎಮ್ಮೆ ಸಾಕಿದವರು ಗೊಣಗಿದರೆ, ಅದರ ಉತ್ತರದ ಒಂದು ತುಂಡು ನಮ್ಮ ಅಡುಗೆಮನೆಯ ಎಣ್ಣೆ ಪಾಕೀಟಿನಲ್ಲಿದೆ.

ಹಿಂಡಿ ದುಬಾರಿಯಾದಾಗ ದನಕ್ಕೆ ಸಿಗುವುದು ಕಳಪೆಯದು, ಬೂಷ್ಟು ಹಿಡಿದದ್ದು. ಆ ಅಫ್ಲಾಟಾಕ್ಸಿನ್ ಹಸುವಿನ ಯಕೃತ್ತಿನಲ್ಲಿ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. 2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ನಡೆಸಿದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 368ರಲ್ಲಿ ಅದು ಮಿತಿಗಿಂತ ಹೆಚ್ಚಿತ್ತು. ನೀರು ಬೆರೆಸಿದ್ದು ನಮಗೆ ನಾಲಿಗೆಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ.

ಉಳಿದದ್ದರಿಂದ ಹೊಸ ವಸ್ತು ಮಾಡುವ ಸುದ್ದಿಗಳು ಈಗ ದಿನವೂ ಬರುತ್ತವೆ. ಆಲಿವ್ ಹಿಂಡಿಯಿಂದ ಉರುವಲು, ಔಷಧದ ಅಂಶ, ಮುಖಕ್ಕೆ ಹಚ್ಚುವ ಕ್ರೀಮು. ಒಳ್ಳೆಯದೇ. ಆದರೆ ಅಂಥ ಸುದ್ದಿ ಓದಿದಾಗ ಅದು ಇಷ್ಟು ದಿನ ಯಾರಿಗೆ ಹೋಗುತ್ತಿತ್ತು ಎಂದು ಹುಡುಕುವ ಅಭ್ಯಾಸ ನನಗೀಗ ಹತ್ತಿದೆ. ನಮ್ಮ ಗಾಣದ ಮಟ್ಟಿಗೆ ಉತ್ತರ ಗೊತ್ತೇ ಇದೆ: ಗಾಣಿಗನ ಕೂಲಿ, ಎಮ್ಮೆಯ ಮೇವು, ಹೊಲದ ಗೊಬ್ಬರ. ಆ ಮೂರರ ಲೆಕ್ಕ ಇಡದೆ ಹಿಂಡಿಯನ್ನು ಕಸ ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ.