ಬಾರದವರ ಲೆಕ್ಕ: ಪುಣೆ ಕಲಿತ ಜನಾರೋಗ್ಯದ ಪಾಠಗಳು

ಪಲ್ಸ್ ಪೋಲಿಯೊ ಮುಗಿದ ಮಾರನೆಯ ದಿನ ನಮ್ಮ ಊರುಕೇರಿಗಳ ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದ ಗುರುತುಗಳು ಕಾಣುತ್ತವೆ. ‘ಪಿ’ ಎಂದು ಬರೆದಿದ್ದರೆ ಆ ಮನೆಯ ಮಕ್ಕಳೆಲ್ಲರಿಗೂ ಹನಿ ಬಿದ್ದಿದೆ. ‘ಎಕ್ಸ್’ ಎಂದಿದ್ದರೆ ಒಂದು ಮಗುವಾದರೂ ಬಾಕಿ ಉಳಿದಿದೆ, ಇಲ್ಲವೇ ಮನೆಗೆ ಬೀಗ ಹಾಕಿದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಗುವುದು ಬಂದವರ ಲೆಕ್ಕ. ಬಾಗಿಲ ಮೇಲಿನ ಈ ಗುರುತು ಹುಡುಕುವುದು ಬಾರದವರ ಲೆಕ್ಕ. ಜನಸಮುದಾಯದ ಆರೋಗ್ಯ ನಿರ್ವಹಣೆ ಎಂದು ಇಂದು ಕರೆಯುವ ಕ್ಷೇತ್ರದ ತಿರುಳೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ಬಾರದವರೇ ಹೆಚ್ಚು ಎಂಬುದನ್ನು ಅಮೆರಿಕದ ಕರ್ ವೈಟ್ ಮತ್ತು ಸಂಗಡಿಗರು 1961ರಲ್ಲಿ ಅಂಕಿಗಳಲ್ಲೇ ತೋರಿಸಿದರು. ಸಾವಿರ ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿ ಏನಾದರೊಂದು ತೊಂದರೆ ಹೇಳಿಕೊಳ್ಳುತ್ತಾರೆ. ವೈದ್ಯರ ಬಳಿ ಹೋಗುವವರು 250. ಆಸ್ಪತ್ರೆ ಸೇರುವವರು 9. ದೊಡ್ಡ ಬೋಧನಾ ಆಸ್ಪತ್ರೆ ತಲುಪುವವನು ಒಬ್ಬನೇ. ವೈದ್ಯರು ತಯಾರಾಗುವುದು ಆ ಒಬ್ಬನನ್ನು ನೋಡಿ. ಉಳಿದ 999 ಮಂದಿಯನ್ನು ಯಾರು ನೋಡಬೇಕು, ಹೇಗೆ ನೋಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದ ಭಾರತದ ಊರುಗಳಲ್ಲಿ ಪುಣೆ ಮುಖ್ಯವಾದದ್ದು. ಅದರ ಒಂದೂಕಾಲು ಶತಮಾನದ ಅನುಭವ ಕನ್ನಡ ನಾಡಿಗೂ ಹಲವು ಕಡೆ ತಾಕುತ್ತದೆ.

ಹೆದರಿಸಿ ಮಾಡಿದ ಎಣಿಕೆ

ಮುಂಬೈಯಿಂದ ಪ್ಲೇಗ್ ಪುಣೆಗೆ ಬಂದಾಗ, 1897ರ ಫೆಬ್ರುವರಿಯಲ್ಲಿ, ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ವಾಲ್ಟರ್ ಚಾರ್ಲ್ಸ್ ರ್‍ಯಾಂಡ್ ಎಂಬ ಅಧಿಕಾರಿಯ ಕೈಗೆ ಪುಣೆಯ ಪ್ಲೇಗ್ ಸಮಿತಿ ಬಂತು. ಮಾರ್ಚ್‌ನಲ್ಲಿ ಸೈನಿಕರು ಪೇಟೆಗಳ ಮನೆಮನೆಗೆ ನುಗ್ಗಿದರು. ದೇವರ ಮನೆ, ಅಡುಗೆ ಮನೆ ಎನ್ನದೆ ಶೋಧಿಸಿದರು. ರೋಗಿಗಳನ್ನು ಆಸ್ಪತ್ರೆಗೂ ಜೊತೆಗಿದ್ದವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಿದರು. ರೋಗಿ ಬರಲಿ ಎಂದು ಕಾಯದೆ ಆಡಳಿತವೇ ಮನೆ ಬಾಗಿಲಿಗೆ ಹೋದದ್ದು ನಿಜ. ಆದರೆ ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಬಚ್ಚಿಟ್ಟರು, ಊರನ್ನೇ ಬಿಟ್ಟು ಹೋದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡ್‌ಗೆ ಗುಂಡು ಹಾರಿಸಿದರು. ಆ ಕತೆ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಓದಲು ಸಿಗುತ್ತದೆ. ಆರೋಗ್ಯದ ಇತಿಹಾಸದಲ್ಲೂ ಅದಕ್ಕೊಂದು ಜಾಗ ಬೇಕು: ಬೂಟುಗಾಲಿನಲ್ಲಿ ಬಂದ ಎಣಿಕೆಗೆ ನಿಜ ಸಿಗುವುದಿಲ್ಲ.

ಅದೇ ಪ್ಲೇಗಿನಲ್ಲಿ ಅದೇ ಊರಿನಲ್ಲಿ ಇನ್ನೊಂದು ದಾರಿಯೂ ಇತ್ತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಪುತ್ರ, ವೈದ್ಯ ಯಶವಂತ, ಊರ ಹೊರಗೆ ಹಡಪಸರದ ಬಳಿ ಪ್ಲೇಗ್ ರೋಗಿಗಳಿಗೆ ಚಿಕಿತ್ಸಾಲಯ ತೆರೆದಿದ್ದರು. ಮುಂಢವಾದ ದಲಿತರ ಕೇರಿಯಲ್ಲಿ ರೋಗ ತಗುಲಿದ ಬಾಲಕನನ್ನು ಸಾವಿತ್ರಿಬಾಯಿ ತಾವೇ ಹೊತ್ತು ತಂದರು. ಸೋಂಕು ಅವರಿಗೂ ತಗುಲಿತು; 1897ರ ಮಾರ್ಚ್ 10ರಂದು ತೀರಿಕೊಂಡರು. ಅವರೂ ಬಾಗಿಲಿಗೇ ಹೋದವರು. ಆದರೆ ಅವರು ಹೋದದ್ದು ಶೋಧಿಸಲು ಅಲ್ಲ, ಆರೈಕೆ ಮಾಡಲು. ಈ ಕ್ಷೇತ್ರದ ಮುಂದಿನ ಬೆಳವಣಿಗೆಯನ್ನೆಲ್ಲ ಈ ಎರಡು ಭೇಟಿಗಳ ನಡುವಿನ ಅಂತರದಲ್ಲಿಟ್ಟು ಅಳೆಯಬಹುದು.

ಪುಣೆಯಿಂದ ಕ್ಯಾಸನೂರಿಗೆ

ಸ್ವಾತಂತ್ರ್ಯದ ಹೊಸತರಲ್ಲಿ, 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರು ಜ್ವರದಲ್ಲಿ ಮಲಗಿದಾಗ ಬಂದದ್ದು ಪುಣೆಯ ಈ ತಂಡ. ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬ ಆತಂಕ ಮೊದಲಿಗಿತ್ತು. ಕೊನೆಗೆ ಸಿಕ್ಕಿದ್ದು ಜಗತ್ತು ಅದುವರೆಗೆ ಕಾಣದ ವೈರಸ್. ಅದನ್ನು ಹರಡುತ್ತಿದ್ದದ್ದು ಕಾಡಿನ ಉಣುಗು. ಕ್ಯಾಸನೂರಿನ ಹೆಸರನ್ನೇ ಹೊತ್ತ ಆ ರೋಗವನ್ನು ಮಲೆನಾಡು ಇಂದಿಗೂ ಮಂಗನ ಕಾಯಿಲೆ ಎನ್ನುತ್ತದೆ.

ಆ ತಂಡ ರೋಗಿಯ ರಕ್ತ ಪರೀಕ್ಷೆಗೇ ನಿಲ್ಲಲಿಲ್ಲ. ಸತ್ತ ಮಂಗ, ಒಣಗಿದ ಎಲೆಯಡಿಯ ಉಣುಗು, ಕಾಡಂಚಿಗೆ ಮೇಯಲು ಹೋಗುವ ದನ, ಸೌದೆಗೆ ಹೋಗುವ ಹೆಂಗಸು, ಎಲ್ಲವನ್ನೂ ಒಂದೇ ಸರಪಳಿಯಾಗಿ ನೋಡಿತು. ಒಂದು ಪ್ರದೇಶದ ಆರೋಗ್ಯವೆಂದರೆ ಆ ಪ್ರದೇಶದ ನೆಲ, ನೀರು, ದುಡಿಮೆ ಎಲ್ಲವೂ ಸೇರಿದ್ದು ಎಂಬ ತಿಳಿವಳಿಕೆ ನಮ್ಮ ಮಲೆನಾಡಿನಲ್ಲಿ ಹೀಗೆ ಗಟ್ಟಿಯಾಯಿತು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಇಂದಿಗೂ ಮಲೆನಾಡಿನಲ್ಲಿ ಹೇಳುವುದು ಅದರ ಮುಂದುವರಿಕೆಯೇ.

ವಢು: ನಂಬಿಕೆಯ ಪಟ್ಟಿ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ ಭೀಮಾ ನದಿಯ ದಡದಲ್ಲಿ ವಢು ಬುದ್ರುಕ್ ಎಂಬ ಹಳ್ಳಿಯಿದೆ. ಪುಣೆಯ ಕೆಇಎಂ ಆಸ್ಪತ್ರೆಯನ್ನು 1944ರಿಂದ ದಶಕಗಳ ಕಾಲ ಕಟ್ಟಿ ಬೆಳೆಸಿದ ಸ್ತ್ರೀರೋಗ ತಜ್ಞೆ ಬಾನೂ ಕೊಯಾಜಿ ಅವರನ್ನು ಒಂದು ವಿಷಯ ಕಾಡುತ್ತಿತ್ತು. ಹಳ್ಳಿಯಿಂದ ಬರುವ ಗರ್ಭಿಣಿ ಕೈಮೀರಿದ ಮೇಲೇ ಬರುತ್ತಾಳೆ. ಅಷ್ಟು ಹೊತ್ತಿಗೆ ಎಷ್ಟು ಒಳ್ಳೆಯ ಆಸ್ಪತ್ರೆಯಿದ್ದರೂ ಪ್ರಯೋಜನವಿಲ್ಲ. ಎಪ್ಪತ್ತರ ದಶಕದಲ್ಲಿ ಅವರು ಆಸ್ಪತ್ರೆಯನ್ನೇ ವಢುವಿನ ಕಡೆಗೆ ನಡೆಸಿದರು. ಊರಿನವರನ್ನೇ ಆರಿಸಿ ಆರೋಗ್ಯ ಮಾರ್ಗದರ್ಶಿಗಳನ್ನಾಗಿ ತಯಾರು ಮಾಡಿದರು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಲಸಿಕೆ ಬಾಕಿ ಎಂಬುದು ಆ ಊರವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1993ರಲ್ಲಿ ಬಾನೂ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅವರು ಒಂಟಿಯಾಗಿರಲಿಲ್ಲ. ಆಗ ಅಹ್ಮದ್‌ನಗರ ಎನ್ನುತ್ತಿದ್ದ ನೆರೆಯ ಜಿಲ್ಲೆಯ ಜಾಮಖೇಡದಲ್ಲಿ ರಜನೀಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿ 1970ರಿಂದಲೇ ಓದುಬರಹ ಬಾರದ ಹಳ್ಳಿಯ ಹೆಂಗಸರ ಕೈಯಲ್ಲಿ ಆರೋಗ್ಯ ಕೆಲಸ ನಡೆಸಿದ್ದರು. ಪುಣೆ ಜಿಲ್ಲೆಯದೇ ಪುರಂದರ ತಾಲ್ಲೂಕಿನ ಪರಿಂಚೆಯಲ್ಲಿ ಶಸ್ತ್ರವೈದ್ಯ ಎನ್. ಎಚ್. ಅಂಟಿಯಾ ಅವರ ಸಂಸ್ಥೆ ಮುಂದೆ ಇದೇ ದಾರಿ ಹಿಡಿಯಿತು. 1978ರ ಆಲ್ಮಾ ಆಟಾ ಘೋಷಣೆ ಪ್ರಾಥಮಿಕ ಆರೋಗ್ಯವನ್ನು ಜಗತ್ತಿನ ಗುರಿಯಾಗಿಸುವ ಹೊತ್ತಿಗೆ ಈ ಭಾಗದ ಹಳ್ಳಿಗಳಲ್ಲಿ ಅದು ಆಗಲೇ ನಡೆದಾಡುತ್ತಿತ್ತು. ಇಂದಿನ ಆಶಾ ಕಾರ್ಯಕರ್ತೆಯ ಬೇರುಗಳು ಇಂಥ ಪ್ರಯೋಗಗಳಲ್ಲಿವೆ.

2002ರ ಆಗಸ್ಟ್‌ನಲ್ಲಿ ವಢು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸುತ್ತಲಿನ 22 ಹಳ್ಳಿಗಳ ಪ್ರತಿ ಮನೆಗೂ ಕಾರ್ಯಕರ್ತರು ಮತ್ತೆ ಮತ್ತೆ ಹೋಗಿ ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರು ಊರಿಗೆ ಬಂದರು, ಯಾರು ಬಿಟ್ಟು ಹೋದರು ಎಂದು ಬರೆದುಕೊಳ್ಳುವ ವ್ಯವಸ್ಥೆ ಶುರುವಾಯಿತು. ಆಸ್ಪತ್ರೆ ಕಾಣದೆ ಸತ್ತವರ ಮನೆಯವರ ಜೊತೆ ಕುಳಿತು, ಕೊನೆಯ ದಿನಗಳ ಲಕ್ಷಣ ಕೇಳಿ, ಸಾವಿನ ಕಾರಣವನ್ನು ವೈದ್ಯರು ನಿರ್ಧರಿಸುವ ಕ್ರಮವೂ ಸೇರಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಈ ನಿರಂತರ ದಾಖಲೆ ಇರುವುದರಿಂದಲೇ ಜ್ವರ, ಭೇದಿಗಳ ಜಾಗಕ್ಕೆ ರಕ್ತದೊತ್ತಡ, ಉಸಿರಾಟದ ರೋಗ, ರಸ್ತೆ ಅಪಘಾತ ಬಂದು ನಿಲ್ಲುವುದನ್ನು ವರ್ಷ ವರ್ಷ ನೋಡಲು ಸಾಧ್ಯ. ಕಬ್ಬು, ಜೋಳದ ಹೊಲಗಳ ನಡುವೆ ಕಾರ್ಖಾನೆ ಎದ್ದ ಶಿರೂರಿನಲ್ಲಿ ಇದು ಬರಿಯ ಸಂಶೋಧನೆಯ ವಿಷಯವಲ್ಲ. ಯಾವ ಔಷಧ ತರಿಸಬೇಕು, ಯಾವ ವೈದ್ಯರು ಬೇಕು ಎಂಬುದು ಇದರಿಂದಲೇ ತೀರ್ಮಾನವಾಗಬೇಕು.

ತೆಳ್ಳಗಿನ ಮೈ, ಒಳಗಿನ ಕೊಬ್ಬು

ಕೆಇಎಂ ಆಸ್ಪತ್ರೆಯ ಮಧುಮೇಹ ವಿಭಾಗದ ಚಿತ್ತರಂಜನ್ ಯಾಜ್ಞಿಕ್ ಅವರಿಗೆ ಎದುರಾದ ಒಗಟು ಬೇರೆಯದು. ತಮ್ಮ ಬಳಿ ಬರುವ ಸಕ್ಕರೆ ಕಾಯಿಲೆಯವರು ಪಾಶ್ಚಾತ್ಯ ಪುಸ್ತಕಗಳು ಹೇಳುವಷ್ಟು ದಪ್ಪಗಿರಲಿಲ್ಲ, ಅಷ್ಟು ವಯಸ್ಸಾದವರೂ ಅಲ್ಲ. ಉತ್ತರ ಹುಡುಕಿ ಅವರು ತಾಯಿಯ ಹೊಟ್ಟೆಯವರೆಗೆ ಹಿಂದಕ್ಕೆ ಹೋದರು. ಬ್ರಿಟನ್ನಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ಜೊತೆಗೂಡಿ 1993ರಲ್ಲಿ ಪುಣೆ ಬಳಿಯ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯ ಅಧ್ಯಯನ ಆರಂಭಿಸಿದರು. ಆ ತಾಯಂದಿರ ಸರಾಸರಿ ತೂಕ ಸುಮಾರು 42 ಕೆ.ಜಿ.; ಹುಟ್ಟಿದ ಮಕ್ಕಳದು ಸುಮಾರು 2.7 ಕೆ.ಜಿ. ಇಂಗ್ಲೆಂಡಿನ ಕೂಸುಗಳಿಗೆ ಹೋಲಿಸಿದರೆ ಈ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಹೆಚ್ಚೇನೂ ತಗ್ಗಿರಲಿಲ್ಲ. ತೆಳ್ಳಗೆ ಕಾಣುವ ಮೈಯೊಳಗೆ ಕೊಬ್ಬು ಹುಟ್ಟಿನಿಂದಲೇ ಕುಳಿತಿತ್ತು.

ತಾಯಿ ಸೊಪ್ಪು, ಹಣ್ಣು, ಹಾಲು ತಿಂದಷ್ಟೂ ಕೂಸು ದುಂಡಗೆ ಹುಟ್ಟುತ್ತದೆ, ಹೊಲದ ಕೆಲಸ, ನೀರು ಹೊರುವ ಕೆಲಸ ಹೆಚ್ಚಾದಷ್ಟೂ ಸಣ್ಣಗೆ ಹುಟ್ಟುತ್ತದೆ ಎಂದು ಅಧ್ಯಯನ ಕಂಡಿತು. ಬಿ12 ಜೀವಸತ್ವ ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚಿತ್ತು. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ, 2012ರಲ್ಲಿ, ಅವರಿಗೇ ಬಿ12 ಕೊಟ್ಟು ಮುಂದಿನ ಪೀಳಿಗೆಯನ್ನು ಕಾಪಾಡಬಹುದೇ ಎಂಬ ಪ್ರಯೋಗವೂ ಆರಂಭವಾಯಿತು. 2004ರಲ್ಲಿ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಚಿತ್ರವನ್ನೇ ಪ್ರಕಟಿಸಿದರು. ಎತ್ತರ, ತೂಕ ಸೇರಿದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಬೇರೆ ನಾಡಿನ ಅಳತೆಗೋಲನ್ನು ನಮ್ಮ ಮೈಗೆ ಇಟ್ಟರೆ ಕಾಯಿಲೆ ಕಣ್ತಪ್ಪುತ್ತದೆ ಎಂದು ಹೇಳಲು ಇದಕ್ಕಿಂತ ಚಿಕ್ಕ ದಾರಿಯಿಲ್ಲ.

ಇದರ ಜೋಡಿಕತೆ ನಮ್ಮ ಮೈಸೂರಿನಲ್ಲಿದೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಸೂಲಗಿತ್ತಿಯರು 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕ ಹಿಡಿದು ಸಂಶೋಧಕರು ಆ ಕೂಸುಗಳನ್ನು ನಡುವಯಸ್ಸು ದಾಟಿದ ಮೇಲೆ ಹುಡುಕಿ ಹೃದಯ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಬಂತು: ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆ.ಜಿ. ಮುಟ್ಟಿದವರಲ್ಲಿ ಶೇ. 3. ಅರವತ್ತು ವರ್ಷದ ಹಿಂದೆ ಶ್ರದ್ಧೆಯಿಂದ ಬರೆದ ಒಂದೊಂದು ಸಾಲು ಹೀಗೆ ಫಲ ಕೊಟ್ಟಿತು.

ಲೆಕ್ಕ ಕೇಳುವ ಹಕ್ಕು

ಇಷ್ಟರವರೆಗೆ ಜನರನ್ನು ಎಣಿಸಿದ್ದು ವೈದ್ಯರು. 2007ರಲ್ಲಿ ಮಹಾರಾಷ್ಟ್ರ ದಿಕ್ಕು ಬದಲಿಸಿತು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಪುಣೆ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ, ಪುಣೆಯ ‘ಸಾಥಿ’ ಸಂಸ್ಥೆಯ ಸಮನ್ವಯದಲ್ಲಿ, ಜನರೇ ಆರೋಗ್ಯ ಕೇಂದ್ರಗಳಿಗೆ ಅಂಕ ಕೊಡುವ ಕ್ರಮ ಬಂತು. ನರ್ಸ್ ಊರಿಗೆ ಬಂದರೇ, ಔಷಧ ಸಿಕ್ಕಿತೇ, ದುಡ್ಡು ಕೇಳಿದರೇ ಎಂದು ಹಳ್ಳಿಯ ಸಮಿತಿ ವರದಿ ಬರೆಯುವುದು. ಜನಸುನಾವಣೆಯಲ್ಲಿ, ಅಂದರೆ ಬಹಿರಂಗ ಅಹವಾಲು ಸಭೆಯಲ್ಲಿ, ಅಧಿಕಾರಿಗಳು ಎಲ್ಲರೆದುರು ಉತ್ತರ ಕೊಡುವುದು. ಎಣಿಸಿಕೊಂಡವರಿಗೆ ಲೆಕ್ಕ ಕೇಳುವ ಹಕ್ಕೂ ಇದೆ ಎಂಬ ಈ ತಿಳಿವು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಬಹು ದೊಡ್ಡ ಮುನ್ನಡೆ. ಮಾಹಿತಿ ಜನರಿಂದ ಮೇಲಕ್ಕೆ ಹೋಗಿ ಅಲ್ಲೇ ಉಳಿದರೆ ಅದು ತೀರದ ಸಾಲ. ಅದು ಔಷಧವಾಗಿ, ನೀರಾಗಿ, ಉತ್ತರವಾಗಿ ಅದೇ ಬಾಗಿಲಿಗೆ ಮರಳಿದಾಗ ಮಾತ್ರ ಸಾಲ ತೀರುತ್ತದೆ.

ಪೇಟೆ ಬೇರೆ, ಸೋಂಕು ಬೇರೆ

ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು 2020ರ ಮಾರ್ಚ್ 9ರಂದು ಪುಣೆಯಲ್ಲೇ ಪತ್ತೆಯಾದರು. ಜುಲೈ, ಆಗಸ್ಟ್‌ನಲ್ಲಿ ವಿಜ್ಞಾನ ಸಂಸ್ಥೆಗಳು ಕೂಡಿ ಪುಣೆಯ ಐದು ವಾರ್ಡು ಗುಂಪುಗಳಲ್ಲಿ 1,664 ಜನರ ರಕ್ತ ಪರೀಕ್ಷಿಸಿದವು. ಶೇ. 51.5 ಮಂದಿಗೆ ಸೋಂಕು ಆಗಲೇ ಬಂದು ಹೋಗಿತ್ತು. ಲೋಹಿಯಾನಗರ, ಕಾಸೇವಾಡಿಯಲ್ಲಿ ಈ ಪ್ರಮಾಣ ಶೇ. 65ರ ಆಸುಪಾಸು, ಕಸ್ಬಾ ಪೇಟೆ, ಸೋಮವಾರ ಪೇಟೆಯಲ್ಲಿ ಶೇ. 36. ಒಂದೇ ಊರು, ಒಂದೇ ವೈರಸ್. ಇಕ್ಕಟ್ಟಿನ ಮನೆ, ಹಂಚಿಕೊಳ್ಳುವ ಶೌಚಾಲಯ ಇದ್ದ ಕಡೆ ಸೋಂಕು ಹೆಚ್ಚು. ಸೆಪ್ಟೆಂಬರ್‌ನಲ್ಲಿ ‘ನನ್ನ ಕುಟುಂಬ, ನನ್ನ ಜವಾಬ್ದಾರಿ’ ಅಭಿಯಾನದಡಿ ರಾಜ್ಯದಾದ್ಯಂತ ಕಾರ್ಯಕರ್ತೆಯರು ಆಕ್ಸಿಮೀಟರ್ ಹಿಡಿದು ಮನೆಮನೆಗೆ ಹೋದರು. 1897ರ ಸೈನಿಕರ ಜಾಗದಲ್ಲಿ ಪರಿಚಯದ ಅಕ್ಕ ನಿಂತಿದ್ದಳು.

ಆದರೆ ಪಾಠ ಪೂರ್ತಿಯಾಗಿರಲಿಲ್ಲ. 2025ರ ಜನವರಿಯಲ್ಲಿ ಪುಣೆಯ ಆಸ್ಪತ್ರೆಗಳಿಗೆ ಕೈಕಾಲು ಸೋತ ರೋಗಿಗಳು ಒಬ್ಬರ ಹಿಂದೊಬ್ಬರು ಬಂದರು: ಗಿಲಿಯನ್ ಬರೆ ಸಿಂಡ್ರೋಮ್, ನರಗಳ ಮೇಲೆ ದೇಹವೇ ದಾಳಿ ಮಾಡುವ ಅಪರೂಪದ ಕಾಯಿಲೆ. ರೋಗಿಗಳ ಸಂಖ್ಯೆ ಇನ್ನೂರು ದಾಟಿತು. ವಿಳಾಸಗಳನ್ನು ನಕ್ಷೆಯಲ್ಲಿಟ್ಟಾಗ ಬಹಳಷ್ಟು ಸಿಂಹಗಡ ರಸ್ತೆಯ ಧಾಯರಿ, ನಾಂದೇಡ್, ಕಿರ್ಕಟ್‌ವಾಡಿಗಳ ಸುತ್ತ ಬಂದವು. ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅನುಮಾನ ಕುಡಿಯುವ ನೀರಿನತ್ತ ತಿರುಗಿತು. ಇವು ಕೆಲವೇ ವರ್ಷಗಳ ಹಿಂದೆ ಮಹಾನಗರ ಪಾಲಿಕೆಗೆ ಸೇರಿದ ಹಳ್ಳಿಗಳು. ಪಾಲಿಕೆಯ ಗಡಿ ಅಲ್ಲಿಗೆ ಮುಟ್ಟಿದಷ್ಟು ಬೇಗ ಶುದ್ಧೀಕರಿಸಿದ ನೀರು ಮುಟ್ಟಿರಲಿಲ್ಲ. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಕಾಲರಾ ಸಾವುಗಳ ಜಾಡು ಹಿಡಿದು ಒಂದು ಬೀದಿಯ ಪಂಪಿಗೆ ತಲುಪಿ, ಅದನ್ನು ನಕ್ಷೆಯಲ್ಲೂ ತೋರಿಸಿದ್ದರು. ನಕ್ಷೆಯ ವಿದ್ಯೆ ಹಳೆಯದು. ಕಾಯಿಲೆ ಬೀಳುವ ಮುನ್ನವೇ ಅದನ್ನು ಬಳಸುವ ಅಭ್ಯಾಸ ನಮಗೆ ಇನ್ನೂ ಆಗಬೇಕಿದೆ.

ಬೀಗ ಹಾಕಿದ ಮನೆ

ಮೊಬೈಲಿನಲ್ಲೇ ರೋಗಿಯ ದಾಖಲೆ, ರಕ್ತದೊತ್ತಡದ ಮಾತ್ರೆ ಒಯ್ಯಲು ಬಾರದವರ ಹೆಸರು ತಾನಾಗಿ ತೋರಿಸುವ ಪಟ್ಟಿ, ಆರೋಗ್ಯ ಗುರುತಿನ ಸಂಖ್ಯೆ, ಇವೆಲ್ಲ ಇಂದು ಬಂದಿವೆ. ಒಳ್ಳೆಯದೇ. ಆದರೆ ಕನ್ನಡಿಗನಾಗಿ ಪುಣೆಯನ್ನು ನೋಡುವಾಗ ನನ್ನ ಕಣ್ಣು ಹೋಗುವುದು ಹಿಂಜವಡಿ, ವಾಘೋಲಿಗಳ ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳ ಕಡೆಗೆ. ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗುಳೆ ಬಂದವರಿದ್ದಾರೆ. ಅವರಲ್ಲೊಬ್ಬ ತಾಯಿಯನ್ನು ನೆನೆಯಿರಿ. ಅವಳ ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿದೆ. ಊರಿನ ಆಶಾ ಅವಳ ಬಾಗಿಲಿಗೆ ಹೋದರೆ ಬೀಗ, ಸೀಮೆಸುಣ್ಣದಲ್ಲಿ ‘ಎಕ್ಸ್’. ಪುಣೆಯ ಆಶಾಳ ಪಟ್ಟಿಯಲ್ಲಿ ಆ ಶೆಡ್ಡಿಗೆ ಮನೆ ಸಂಖ್ಯೆಯೇ ಇಲ್ಲ. ಅವಳ ಮಗು ಎರಡು ರಾಜ್ಯಗಳ ನಡುವೆ, ಎರಡು ಭಾಷೆಗಳ ನಡುವೆ, ಎರಡೂ ಲೆಕ್ಕದಿಂದ ಹೊರಗೆ ಬೆಳೆಯುತ್ತಿದೆ.

ಇದಕ್ಕೆ ಬೇಕಾದ ವಿದ್ಯೆ ವಢುವಿನಲ್ಲಿದೆ. ಅಲ್ಲಿನ ದಾಖಲೆ ಹುಟ್ಟು ಸಾವುಗಳ ಜೊತೆಗೆ ಬಂದವರನ್ನೂ ಹೋದವರನ್ನೂ ಬರೆದುಕೊಳ್ಳುತ್ತದೆ; ಊರು ಬಿಟ್ಟವರು ಲೆಕ್ಕ ಬಿಟ್ಟವರಲ್ಲ ಎಂದು ಅದು ಮೊದಲ ದಿನದಿಂದ ತಿಳಿದಿದೆ. ಆ ಕ್ರಮವನ್ನು 22 ಹಳ್ಳಿಗಳಾಚೆ ಗಡಿ ದಾಟಿಸಬೇಕು. ಯಾದಗಿರಿಯ ಆಶಾ ಬೀಗ ಕಂಡಾಗ ‘ಎಲ್ಲಿಗೆ ಹೋದರು’ ಎಂದು ಪಕ್ಕದ ಮನೆಯಲ್ಲಿ ಕೇಳಿ ಬರೆದ ಒಂದು ಸಾಲು ವಾಘೋಲಿಯ ಆಶಾಳ ಕೈಗೆ ತಲುಪಬೇಕು, ಅವಳು ಆ ಶೆಡ್ಡಿಗೆ ಹೋಗಿ ಆ ಮಗುವಿನ ಹೆಸರು ಹಿಡಿದು ಕೂಗಬೇಕು. ಸಾವಿತ್ರಿಬಾಯಿ ಮುಂಢವಾಕ್ಕೆ ಹೋದದ್ದೂ ಹೀಗೇ, ಒಂದು ಮಗುವನ್ನು ಹುಡುಕಿಕೊಂಡು.